ಯಜಮಾನರ ಉಗುರಿನ ಗೆರೆ

ನಂಬೋದಾದ್ರೆ ನಂಬಿ, ಇಲ್ಲಾಂದ್ರೆ ಬಿಡಿ. ಕೊಪ್ಪದ ನಮ್ಮ ಪೇಪರ್ ಆಫೀಸಿನಲ್ಲಿ ಆ ರಾತ್ರಿ ನನ್ನ ಬಿಟ್ಟು ಯಾರೂ ಇರಲಿಲ್ಲ. ಒಳಗಿಂದ ಚಿಲಕ ಹಾಕಿದ್ದು ನಾನೇ.

ನಮ್ಮದು ಸಣ್ಣ ದಿನಪತ್ರಿಕೆ. ಶೃಂಗೇರಿ, ಎನ್.ಆರ್.ಪುರ ದಾಟಿದ್ರೆ ಹೆಸರು ಕೇಳಿದವರಿಲ್ಲ. ಅದನ್ನ ಶುರು ಮಾಡಿದ ಯಜಮಾನರಿಗೆ ಒಂದು ಅಭ್ಯಾಸ. ಪ್ರಿಂಟಾದ ಮೊದಲ ಪ್ರತಿ ಅವರ ಕುರ್ಚಿ ಮೇಲಿಡಬೇಕು. ನಸ್ಯ ಏರಿಸಿಕೊಂಡು ಓದೋರು. ಸುಳ್ಳು ಕಂಡ ಕಡೆ ಪೆನ್ನು ಹಿಡೀತಿರಲಿಲ್ಲ, ಹೆಬ್ಬೆರಳಿನ ಉಗುರಿಂದ ಅಡಿಗೆರೆ ಒತ್ತೋರು. ಕರ್ರ್... ಆ ಸದ್ದಿಗೇ ನಮ್ಮ ಜೀವ ಬಾಯಿಗೆ ಬರ್ತಿತ್ತು.

ಅವರು ತೀರಿಕೊಂಡ ಮೇಲೂ ಪ್ರತಿ ಇಡೋದು ನಿಲ್ಲಿಸಲಿಲ್ಲ. ಗೆರೆ ಬೀಳ್ತಿರಲಿಲ್ಲ. ಬೀಳೋದಾದ್ರೂ ಹೇಗೆ ಹೇಳಿ.

ಪತ್ರಿಕೆ ಅವರ ಹೆಂಡತಿ ಹೆಸರಿಗಾಯ್ತು. ನಾವೆಲ್ಲ ಅಮ್ಮ ಅಂತಿದ್ವಿ. ಪ್ರಾಣ ಹೋದ್ರೂ ಪೇಪರ್ ಮಾರಲ್ಲ ಅಂತಿದ್ದೋರು, ಮೈದುನ, ಅಂದ್ರೆ ಯಜಮಾನರ ತಮ್ಮ, ಮೇಲಿಂದ ಮೇಲೆ ಬಂದು ಕೂತು ಹೋದ ಮೇಲೆ ಮಾತೇ ಬದಲಿಸಿದ್ರು. "ನಾನೇ ಮನಸಾರೆ ಕೊಡ್ತಿದೀನಿ." ಯಾರು ಕೇಳಿದ್ರೂ ಅದೇ. ಮುಖದಲ್ಲಿ ಮಾತ್ರ ಏನೂ ಇರ್ತಿರಲಿಲ್ಲ.

ಸಹಿ ಹಾಕೋ ಹಿಂದಿನ ದಿನ ಸಂಜೆ ಅಮ್ಮ ಮಾರಾಟದ ಕರಾರುಪತ್ರ ತಂದು ನನ್ನ ಕೈಲಿಟ್ರು. "ಇದನ್ನೂ ಅವರ ಕುರ್ಚಿ ಮೇಲಿಡು ಮಾರಾಯ. ಒಂದ್ಸಲ ನೋಡ್ಲಿ."

ಇಟ್ಟೆ. ಬೆಳಗಿನ ಬಸ್ಸಿಗೆ ಬಂಡಲ್ ಹಾಕ್ಬೇಕಲ್ಲ, ಅಲ್ಲೇ ಬೆಂಚಿನ ಮೇಲೆ ಮಲಗಿದೆ. ಮೆಷಿನ್ ತಣ್ಣಗಾಗ್ತಾ ಟಿಕ್... ಟಿಕ್... ಅಂತಿತ್ತು. ನಿದ್ದೆ ಹತ್ತೋ ಹೊತ್ತಿಗೆ ಮೂಗಿಗೆ ಘಾಟು. ನಸ್ಯದ್ದು.

ಆಮೇಲೆ... ಕರ್ರ್...

ಒಂದೇ ಸಲ. ನಿಧಾನಕ್ಕೆ.

ಹೆದರಿಕೆ ಆಯ್ತಾ ಅಂದ್ರೆ, ಇಲ್ಲ. ಎದ್ದು ಕುರ್ಚಿ ಹತ್ರ ಮಾತ್ರ ಹೋಗಲಿಲ್ಲ. ಬೆಳಕು ಹರಿಯೋವರೆಗೆ ಗೋಡೆ ನೋಡ್ತಾ ಬಿದ್ದಿದ್ದೆ.

ಬೆಳಿಗ್ಗೆ ಅಮ್ಮ ಬಂದ್ರು. ಮೈದುನ ಮತ್ತೆ ಕೊಳ್ಳೋರು ಹೊರಗೆ ಕಾರಿನ ಹತ್ರ ಮಾತಾಡ್ತಾ ನಿಂತಿದ್ರು. ಅಮ್ಮ ಕರಾರುಪತ್ರ ಎತ್ತಿ ಕಿಟಕಿ ಬೆಳಕಿಗೆ ಹಿಡಿದ್ರು. ನಾನೂ ಬಗ್ಗಿ ನೋಡಿದೆ. 'ನನ್ನ ಸ್ವಇಚ್ಛೆಯಿಂದ' ಅನ್ನೋ ಮಾತಿನ ಕೆಳಗೆ ಉಗುರಿನ ಗೆರೆ. ಬೇರೆಲ್ಲೂ ಇಲ್ಲ.

"ನೀನಾ?" ಮೆಲ್ಲಗೆ ಕೇಳಿದ್ರು.

"ಅಲ್ಲಮ್ಮ."

ನನ್ನ ಕೈ ಹಿಡಿದು ತಿರುಗಿಸಿ ನೋಡಿದ್ರು. ಕಚ್ಚಿ ಕಚ್ಚಿ ನನಗೆ ಉಗುರೇ ಇರಲಿಲ್ಲ.

ಆ ಗೆರೆ ಮೇಲೆ ಬೆರಳಾಡಿಸಿದ್ರು. "ಅವರಿಗಾದ್ರೂ ಗೊತ್ತಾಯ್ತಲ್ಲ" ಅಂದ್ರು. ಹೊರಗಿಂದ ಮೈದುನ ಕೂಗಿದ.

"ಪೆನ್ನು ಕೊಡು."

ಸಹಿ ಹಾಕಿದ್ರು.

ಈಗ ಪತ್ರಿಕೆ ಬೇರೆಯವರದ್ದು, ಕುರ್ಚಿ ಅಲ್ಲೇ ಇದೆ. ಯಾರೂ ಹೇಳದಿದ್ರೂ ಮೊದಲ ಪ್ರತಿ ಇಡ್ತೀನಿ. ಕೊನೇ ಪುಟದ ಕೆಳಗೆ ಮಾಲೀಕರ ಹೆಸರಿನ ಸಾಲು ಇರುತ್ತಲ್ಲ... ಬೆಳಿಗ್ಗೆ ಅದರಡಿ ಗೆರೆ ಬಿದ್ದಿದೆಯಾ ಅಂತ ನೋಡದೆ ಆ ಪ್ರತಿಯನ್ನ ಬಂಡಲ್‌ಗೆ ಸೇರಿಸಿ, ಬಸ್ಸಿಗೆ ಕೊಟ್ಟು ಬರ್ತೀನಿ.