ಗಲ್ಲಾ ಕಾಯುವ ಕ್ಯಾಮೆರಾ

ಇವತ್ತು ಕಿಕ್ಕೇರಿಯ ನಮ್ಮ ಅಂಗಡಿ ಬೀದಿಯ ಮಾನ ಹೋಯಿತು ಕಣ್ರಪ್ಪಾ! ನಿನ್ನೆ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಜಯಮ್ಮನ ಸರವನ್ನು ಬೈಕಿನಲ್ಲಿ ಬಂದವರು ಇದೇ ಬೀದಿಯಲ್ಲಿ ಕಿತ್ತುಕೊಂಡು ಹೋದರು. ಇವತ್ತು ಬೆಳಗ್ಗೆ ಪೊಲೀಸಿನವರು ಬಂದು ಏಳೂ ಅಂಗಡಿಗಳ ಕ್ಯಾಮೆರಾ ನೋಡಿದರು. ಏಳರಲ್ಲೂ ಕಂಡದ್ದು ಗಲ್ಲಾಪೆಟ್ಟಿಗೆ, ಅದರ ಹಿಂದೆ ಕೂತ ನಮ್ಮ ಮುಖ. ರಸ್ತೆ ಒಂದರಲ್ಲೂ ಇಲ್ಲ!

ನನಗೆ ತಡೆಯಲಾಗಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ನನ್ನ ಬಟ್ಟೆ ಅಂಗಡಿಯ ಕ್ಯಾಮೆರಾವನ್ನು ಬಾಗಿಲ ಮೇಲೆ ರಸ್ತೆಗೆ ಮುಖ ಮಾಡಿ ಹಾಕಿಸಿದೆ.

ಪಕ್ಕದ ಗೊಬ್ಬರದಂಗಡಿಯ ನಿಂಗೇಗೌಡರು ಓಡಿ ಬಂದರು. "ಯಾಕವ್ವಾ ಇಂಗ್ ಮಾಡ್ಬುಟ್ಟೆ? ನಾಳೆ ಸಾಕ್ಸಿ ಏಳ್ಬಾ ಅಂತ ಕೋರ್ಟಿಗೆ ಅಲೆಸ್ತಾರೆ. ಊರ ಉಸಾಬರಿ ನಮ್ಗ್ಯಾಕೆ?"

"ಅಲೀತೀನಿ ಬುಡಿ ಗೌಡ್ರೇ. ನಾವೇ ಏನೂ ಕಾಣ್ಲಿಲ್ಲ ಅಂದ್ರೆ ಪೊಲೀಸ್ರು ಯಾರ್ನ ಇಡೀತಾರೆ?"

"ಮತ್ತೆ ನಿನ್ ಗಲ್ಲಾ ಕಾಯೋರ್ಯಾರು?"

"ಅಲ್ಲಿ ನಾನೇ ಕುಂತಿರ್ತೀನಲ್ಲ! ಕ್ಯಾಮೆರಾ ಒಳಕ್ಕೆ ತಿರುಗ್ಸಲ್ಲ ಅಂದ್ರೆ ತಿರುಗ್ಸಲ್ಲ."

ಗೌಡರು ಗೊಣಗುತ್ತಾ ಹೋದರು. ಸಂಜೆ ಅಂಗಡಿ ಕ್ಯಾಮೆರಾದ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದರೆ ನಟ್ಟನಡುವೆ ಅವರದೇ ಬೈಕು! ತಮ್ಮ ಅಂಗಡಿ ಮುಂದಿನಿಂದ ತಂದು ನನ್ನ ಕ್ಯಾಮೆರಾದ ಕೆಳಗೇ ನಿಲ್ಲಿಸಿದ್ದಾರೆ.

ನಿಲ್ಲಿಸಿಕೊಳ್ಳಲಿ ಬಿಡಿ. ಅದು ಕಳುವಾದರೂ ಕೋರ್ಟಿಗೆ ಅಲೆಯಲು ನಾನಿದ್ದೇನೆ.