ಕೊನೆಗೆ ಸೇರಿಸಿದ ಏಳನೇ ಸಾಲು

ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಅಕ್ಷರ ದುಂಡಗೆ. ತಗಡು ಒತ್ತುವ ಪ್ರೆಸ್ಸಿನಲ್ಲಿ ಚೂರು ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಿ ಅಂತ ಮಾಲೀಕರು ಹೇಳಿದರು. ಒಂದು ಭಾನುವಾರವಿಡೀ ಕೂತು, ಸ್ಕೇಲಿನಲ್ಲಿ ಗೆರೆ ಎಳೆದು, ಒಂದೂ ಚಿತ್ತಿಲ್ಲದೆ ಆರು ಸಾಲು ಬರೆದೆ. ಎರಡನೆಯದು, 'ಕೈ ಹಾಕಿ ಚೂರನ್ನು ತೆಗೆಯಿರಿ.' ಮೇನ್ ಸ್ವಿಚ್ಚಿನ ಮಾತೇ ಮರೆತಿತ್ತು. ಅಷ್ಟು ಚೆಂದದ ಹಾಳೆ ಹರಿದು ಮತ್ತೆ ಬರೆಯಲು ಮನಸ್ಸಾಗಲಿಲ್ಲ. ಕೆಳಗೆ ಏಳನೆಯದಾಗಿ ಸೇರಿಸಿದೆ: 'ಚೂರು ತೆಗೆಯುವ ಮೊದಲು ಮೇನ್ ಆಫ್ ಮಾಡಿರಬೇಕು.'

ಲ್ಯಾಮಿನೇಷನ್‌ಗೆ ಕೊಡುವ ಮುಂಚೆ ಫಿಟ್ಟರ್ ನೋಡಿದ. "ಸಾರ್, ಕೊನೇದನ್ನ ಮೇಲೆ ತನ್ನಿ. ಜನ ಓದ್ತಾ ಓದ್ತಾನೇ ಮಾಡ್ತಾರೆ."

"ನೀನು ಗ್ರೀಸ್ ಹಾಕು ಗುರು. ಬರೆಯೋದು ನನಗೆ ಬಿಡು," ಅಂದೆ. ಸುತ್ತ ನಿಂತವರು ನಕ್ಕರು. ಅವನೂ ನಕ್ಕ.

ಯಾದಗಿರಿ ಕಡೆಯಿಂದ ಬಂದು ಶ್ರೀಗಂಧದ ಕಾವಲಿನಲ್ಲಿ ಮನೆ ಮಾಡಿದ್ದ ಹೆಂಗಸೊಬ್ಬಳು ಆ ವಾರವೇ ಪ್ರೆಸ್ಸಿಗೆ ಸೇರಿದಳು. ಮೊದಲ ಸಲ ಚೂರು ಸಿಕ್ಕಿಕೊಂಡಾಗ ಹಾಳೆಯನ್ನು ನೋಡಿ ಒಂದೊಂದೇ ಸಾಲು ಓದಿ, ಓದಿದಷ್ಟನ್ನು ಮಾಡಿದಳು. ಎರಡನೆಯದಕ್ಕೆ ಕೈ ಒಳಗೆ ಹೋಯಿತು, ಕಾಲು ಪ್ರೆಸ್ ಇಳಿಸುವ ಪೆಡಲಿಗೆ ತಾಗಿತು. ತೋರುಬೆರಳು ಉಳಿಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮಾಲೀಕರು ಕೇಳಿದರು: "ಮೇನ್ ಆಫ್ ಮಾಡಿ ಅಂತ ಬರೆದಿರಲಿಲ್ವೇನ್ರಿ?"

"ಬರೆದಿದೀನಿ ಸಾರ್. ಆಯಮ್ಮ ಓದಿಲ್ಲ."

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಆ ಹಾಳೆ ಕಿತ್ತೆ. ಮೇನ್ ವಿಷಯವನ್ನು ಮೊದಲನೇ ಸಾಲಿಗೆ ತಂದು, ಹೊಸದಾಗಿ ಬರೆದು ಅಂಟಿಸಿದೆ. ಹತ್ತು ನಿಮಿಷದ ಕೆಲಸ. ಫಿಟ್ಟರ್ ಬಂದವನು ಹಾಳೆ ನೋಡಿದ, ನನ್ನನ್ನು ನೋಡಿದ, ತನ್ನ ಕೆಲಸಕ್ಕೆ ಹೋದ.

ಎರಡು ತಿಂಗಳ ಮೇಲೆ ಆಕೆ ಪ್ಯಾಕಿಂಗಿಗೆ ವಾಪಸ್ ಬಂದಳು. ಹಾಳೆಯ ಮುಂದೆ ಬಹಳ ಹೊತ್ತು ನಿಂತಳು.

"ಅಣ್ಣಾರ, ಈ ಮೇನ್ ಬಂದ್ ಮಾಡೋ ಸಾಲು ಅವತ್ತೂ ಮ್ಯಾಲೇ ಇತ್ತೇನ್ರಿ?"

"ಇತ್ತಮ್ಮ. ಮೊದಲಿಂದಲೂ ಅಲ್ಲೇ ಇದೆ."

"ಹಂಗಾದ್ರ ನನ್ನ ಕಣ್ಣಿಗೇ ಏನೋ ಬಡದಿತ್ತು ಬಿಡ್ರಿ," ಅಂದು ನಕ್ಕುಬಿಟ್ಟಳು.

ಸತ್ಯ ಹೇಳಿದ್ದರೆ ನನ್ನ ಮಾನ ಹೋಗುತ್ತಿತ್ತು, ಅಷ್ಟೇ. ಆಕೆಯ ಬೆರಳು ಹೋಗಿತ್ತು. ಅಂದಿನಿಂದ ಪ್ರೆಸ್ಸಿಗೆ ಯಾರು ಹೊಸದಾಗಿ ಬಂದರೂ ತಾನೇ ಕರೆದು ಕೈ ತೋರಿಸುತ್ತಿದ್ದಳು. "ಮೊದಲನೇ ಸಾಲು ನೆಟ್ಟಗ ಓದ್ರಿ. ನಾ ಓದಲಿಲ್ಲ, ನೋಡ್ರಿ." ನಿವೃತ್ತನಾಗುವವರೆಗೂ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ. ಹೌದೌದು ಅಂತ ತಲೆಯನ್ನೂ ಆಡಿಸಿದೆ.