ಮಂಡಿ ಮೇಸ್ತ್ರಿಯ ಬಾಗಿಲು

ನನ್ನ ಭಾವನನ್ನು ಬೀದಿಯವರೆಲ್ಲ ದೊಡ್ಡ ಸಜ್ಜನ ಎನ್ನುತ್ತಿದ್ದರು. ಎಲ್ಲಿಗೇ ಹೋಗಲಿ, ಕಾರು ನಿಲ್ಲಿಸಿದ ಕೂಡಲೇ ತಾನು ಇಳಿದು, ಸುತ್ತು ಹಾಕಿ ಬಂದು, ಹೆಂಡತಿಗೆ ಬಾಗಿಲು ತೆರೆದುಕೊಡುತ್ತಿದ್ದ. ಅದನ್ನು ತೋರಿಸಿ ಎದುರುಮನೆಯಾಕೆ ತನ್ನ ಗಂಡನ ಮಾನ ಕಳೆದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅಕ್ಕನ ಗಂಡನನ್ನು ಬಹುವಚನದಲ್ಲಿ ಹೇಳಬೇಕೆಂದು ನನಗೂ ಗೊತ್ತು. ಎದುರಿಗೆ ಹಾಗೇ ಮಾತಾಡಿಸುತ್ತೇನೆ. ಬರೆಯುವಾಗ ಕೈ ಏಳುವುದಿಲ್ಲ.

ಅವನು ಕಾರಿನ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ವಿಭಾಗದ ಮೇಸ್ತ್ರಿ. ಆ ಕಾರ್ಖಾನೆ ಮಾಡುತ್ತಿದ್ದದ್ದು ಒಂದೇ ಕಾರು. ಅವನಿಗೆ ಮೀಸೆ ಚಿಗುರುವಾಗ ಅದೇ ಕಾರು, ಮೀಸೆ ಬೆಳ್ಳಗಾದಾಗಲೂ ಅದೇ ಕಾರು. ನಡುವೆ ದುಂಡಗಿದ್ದ ಕನ್ನಡಿ ಚೌಕವಾಯಿತು, ಹಿಂದಿನ ದೀಪ ಸ್ವಲ್ಪ ಅಗಲವಾಯಿತು, ಬೂದು ಬಣ್ಣದ ಜೊತೆಗೆ ಒಂದು ಹಸಿರು ಬಂತು. ಇಷ್ಟಕ್ಕೇ ಕಂಪನಿ ‘ಹೊಸ ಮಾದರಿ’ ಎಂದು ಡಂಗುರ ಹೊಡೆಯುತ್ತಿತ್ತು. ಬೇರೆ ಕಾರು ಸಿಗದ ಕಾಲ, ಜನ ಮರುಮಾತಿಲ್ಲದೆ ಕಾದು ಕೊಳ್ಳುತ್ತಿದ್ದರು.

ತಗಡನ್ನು ಒತ್ತಿ ಬಾಗಿಲು ಮಾಡುವ ಅಚ್ಚುಗಳು ಮಾತ್ರ ವರ್ಷವರ್ಷವೂ ಸವೆಯುತ್ತಿದ್ದವು. ಬಾಗಿಲುಗಳು ಹೊಟ್ಟೆ ಬಂದವರ ಹಾಗೆ ಉಬ್ಬಿಕೊಂಡು ಬರುತ್ತಿದ್ದವು, ಚೌಕಟ್ಟಿಗೆ ಕೂರುತ್ತಿರಲಿಲ್ಲ. ಅದಕ್ಕೆ ಭಾವನ ವಿಭಾಗದವರು ಕಂಡುಕೊಂಡ ಉಪಾಯ ಮಂಡಿ. ಬಾಗಿಲನ್ನು ಕೀಲಿಗೆ ಬಿಗಿಯುವುದು, ಕೀಲಿನ ಸಂದಿಗೆ ಒಂದು ಮರದ ತುಂಡು ಸಿಕ್ಕಿಸುವುದು, ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಮಂಡಿ ಕೊಟ್ಟು ಒಂದು ಸಲ ಜಗ್ಗುವುದು. ಮುಚ್ಚಿದರೆ ‘ಧಪ್’ ಎನ್ನಬೇಕು. ಎಲ್ಲರಿಗಿಂತ ಚೆನ್ನಾಗಿ ಜಗ್ಗುತ್ತಿದ್ದವನು ಭಾವ. ಹಾಗಾಗಿ ಅವನಿಗೆ ಮಂಡಿ ಮೇಸ್ತ್ರಿ ಎಂಬ ಹೆಸರು ಬಿತ್ತು. “ಈ ಕಾರಿಗೆ ಬಾಗಿಲು ಹಾಕೋದು ಕಂಪನಿ ಅಲ್ಲ, ನನ್ನ ಮಂಡಿ” ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅನ್ನ ಕಲಸಿಕೊಂಡಷ್ಟೇ ಸಲೀಸಾಗಿ ತನ್ನನ್ನು ತಾನು ಹೊಗಳಿಕೊಳ್ಳುವ ಗಂಡಸನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ.

ಮನೆಯಲ್ಲೂ ಏನೂ ಬದಲಾಗುವಂತಿರಲಿಲ್ಲ. ಅವನು ಯಾವುದನ್ನೂ ಬೇಡ ಎನ್ನುತ್ತಿರಲಿಲ್ಲ. “ಈಗ ಯಾಕೆ?” ಎನ್ನುತ್ತಿದ್ದ. ಅಕ್ಕ ಮದುವೆಗೆ ಮುಂಚೆ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು, ಒಳ್ಳೆಯ ಕೈ. ಮತ್ತೆ ಹೋಗಲೇ ಎಂದಾಗ, ಈಗ ಯಾಕೆ? ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸೋಣ ಎಂದಾಗ, ಈಗ ಯಾಕೆ? ಆ ಎರಡು ಪದಗಳಲ್ಲಿ ನನ್ನ ಅಕ್ಕನ ಆಯುಸ್ಸು ಕಳೆಯಿತು. ನಾನು ಜಗಳಕ್ಕೆ ನಿಂತರೆ “ಬಂದ್ಲಪ್ಪ ಬಾಯಿಬಡುಕಿ” ಎಂದು ರೇಡಿಯೊ ಜೋರು ಮಾಡುತ್ತಿದ್ದ.

ಅವನ ಸ್ವಂತ ಕಾರೂ ಅದೇ ಕಾರ್ಖಾನೆಯದು. ಬಾಗಿಲುಗಳಿಗೆ ತಾನೇ ಮಂಡಿ ಕೊಡುತ್ತೇನೆಂದು ಹಟ ಹಿಡಿದು ಕೊಟ್ಟ. ಹೆಮ್ಮೆ ಉಕ್ಕಿ ಅಕ್ಕ ಕೂರುವ ಕಡೆಯ ಬಾಗಿಲಿಗೆ ಒಂದು ಜಗ್ಗು ಹೆಚ್ಚೇ ಬಿತ್ತು. ಅದು ಎಷ್ಟು ಬಿಗಿಯಾಗಿ ಕಚ್ಚಿಕೊಂಡಿತೆಂದರೆ, ಒಳಗಿನ ಹಿಡಿ ಎಳೆದರೆ ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ. ಹೊರಗಿನಿಂದ ಹಿಡಿಯನ್ನು ಮೇಲಕ್ಕೆತ್ತಿ, ಸೊಂಟದಲ್ಲಿ ಒಮ್ಮೆ ಒತ್ತಿ ಎಳೆಯಬೇಕು. ಒಂದು ಬೆಳಗಿನ ಹೊತ್ತಿನಲ್ಲಿ ಅವನೇ ಸರಿಮಾಡಬಹುದಿತ್ತು. ಆದರೆ ಸರಿಮಾಡಿದರೆ ಕೆಡಿಸಿದ್ದು ತಾನೇ ಎಂದು ಒಪ್ಪಿದಂತಾಗುತ್ತದಲ್ಲ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. “ಹೀಗಿದ್ರೇನೇ ಗಟ್ಟಿ” ಎಂದುಬಿಟ್ಟ. ಸಜ್ಜನಿಕೆಯ ಗುಟ್ಟು ಇಷ್ಟೇ. ಅವನು ಬಂದು ತೆರೆಯದಿದ್ದರೆ ಅಕ್ಕ ಇಳಿಯುವಂತೆಯೇ ಇರಲಿಲ್ಲ.

ಕ್ಷೌರದಂಗಡಿಯ ಮುಂದೆ, ಸಂಘದ ಕಚೇರಿಯ ಮುಂದೆ, ಬಿಸಿಲಲ್ಲಿ ಗಾಜು ಒಂದು ಬೆರಳಷ್ಟು ಇಳಿಸಿಕೊಂಡು ಅವಳು ಕೂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವನ ಕಡೆಯ ಬಾಗಿಲಿನಿಂದ ಇಳಿಯಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಹಾಗೇ ಕೇಳಿದೆ. “ಒಂದ್ಸಲ ಇಳಿದೆ ಕಣೆ. ಗೇರಿಗೆ ಕಾಲು ತಾಕಿಸಿದೆ ಅಂತ ವಾರ ಮಾತಾಡ್ಲಿಲ್ಲ” ಎಂದಳು.

ನಮ್ಮಮ್ಮ ಆಸ್ಪತ್ರೆಯಲ್ಲಿದ್ದಳು. ಕೊನೆಯ ಗಳಿಗೆ ಎಂದು ವೈದ್ಯರು ಹೇಳಿದ ಮೇಲೆ ನಾನು ಫೋನು ಮಾಡಿದೆ. ಭಾವ ಅಕ್ಕನನ್ನು ಕರೆದುಕೊಂಡು ಬಂದ, ಕಾರು ನಿಲ್ಲಿಸಿ ಇಳಿದ. ಗೇಟಿನ ಕಾವಲುಗಾರನ ಹತ್ತಿರವೂ ಇದೇ ಕಾರಿತ್ತಂತೆ, ಬಾಗಿಲು ಅಲುಗುತ್ತದೆ ಎಂದನಂತೆ. ಸರಿ, ಮಂಡಿ ಮೇಸ್ತ್ರಿಯ ಪ್ರವಚನ ಶುರುವಾಯಿತು. ಅಕ್ಕ ಗಾಜು ಬಡಿದಳು. ಅವನು “ಒಂದ್ ನಿಮಿಷ” ಎಂದು ಕೈ ತೋರಿಸಿದ. ಅವಳು ಮತ್ತೆ ಬಡಿದಳು. ಕೊನೆಗೆ ಗೇರು ದಾಟಿ, ಸ್ಟಿಯರಿಂಗ್ ಕೆಳಗೆ ನುಸುಳಿ, ಅವನ ಬಾಗಿಲಿನಿಂದಲೇ ಇಳಿದು ಓಡಿ ಬಂದಳು. ಅಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿದ್ದಳು. ಅವತ್ತು ಹೊರಡುವಾಗ ಅವನು ಗೇರಿನ ಕಡ್ಡಿಯನ್ನು ಅಲುಗಿಸಿ ನೋಡಿದ, ಸಡಿಲಾಗಿದೆಯೇ ಎಂದು. ನಾನು ಹಿಂದಿನ ಸೀಟಿನಲ್ಲಿದ್ದೆ. ಅಂದು ಮನಸ್ಸಿನಲ್ಲಿ ಹಾಕಿದ ಶಾಪವನ್ನು ನಾನು ಇನ್ನೂ ವಾಪಸು ತೆಗೆದುಕೊಂಡಿಲ್ಲ.

ಕಾರ್ಖಾನೆಗೆ ಕೊನೆಗೂ ಬುದ್ಧಿ ಬಂತು. ಕಾರಿನ ಆಕಾರ ಕೂದಲೆಳೆಯಷ್ಟೂ ಬದಲಾಗಲಿಲ್ಲ, ಆದರೆ ಬಾಗಿಲಿನ ಅಚ್ಚುಗಳನ್ನು ಹೊಸದಾಗಿ ಮಾಡಿಸಿದರು. ಬಾಗಿಲುಗಳು ನೆಟ್ಟಗೆ ಬರತೊಡಗಿದವು. ಹೊಸ ಇಂಜಿನಿಯರು ಒಬ್ಬಾಕೆ. “ಇನ್ನು ಮಂಡಿ ಬೇಡ, ಸುಮ್ನೆ ಬಿಗಿದ್ರೆ ಸಾಕು” ಎಂದಳು. ಎಲ್ಲರೂ ತಲೆಯಾಡಿಸಿದರು. ಬಾಗಿಲು ಕೈಗೆ ಬಂದೊಡನೆ ಎಲ್ಲರ ಮಂಡಿಯೂ ತಾನಾಗಿ ಎದ್ದಿತು. ನೆಟ್ಟಗಿದ್ದ ಬಾಗಿಲುಗಳನ್ನೆಲ್ಲ ಜಗ್ಗಿ ಜಗ್ಗಿ ಸೊಟ್ಟ ಮಾಡಿದರು. ಬಾಗಿಲು ಮುಚ್ಚದ ಕಾರುಗಳು ಅಂಗಳದಲ್ಲಿ ಸಾಲಾಗಿ ನಿಂತವು, ಮಳೆ ಬಂದು ಸೀಟುಗಳ ಮೇಲೆ ನೀರು ನಿಂತಿತು.

“ಅಚ್ಚು ಸರಿ ಇಲ್ಲ” ಎಂದ ಭಾವ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಂಜಿನಿಯರು ಎಲ್ಲರೆದುರು ಒಂದು ಬಾಗಿಲನ್ನು ಬರೀ ಬಿಗಿದು, ಒಂದೇ ಬೆರಳಿನಿಂದ ಮುಚ್ಚಿ ತೋರಿಸಿದಳು. ಉಳಿದವರು ಒಂದು ವಾರದಲ್ಲಿ ಮಂಡಿ ಮರೆತರು. ಭಾವ ಮರೆಯಲಿಲ್ಲ. “ಇವತ್ತು ಮುಚ್ಚುತ್ತೆ, ನಾಳೆ ನೋಡಿ” ಎನ್ನುತ್ತ, ಆಕೆ ಬೆನ್ನು ತಿರುಗಿಸಿದೊಡನೆ ಜಗ್ಗುತ್ತಿದ್ದ. ಬೇಸತ್ತು ಅವನನ್ನು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ, “ಅಲ್ಲಿ ನಂಬಿಕಸ್ಥರು ಬೇಕಂತೆ” ಎಂದು ಬೀದಿಯಲ್ಲಿ ಹೇಳಿಕೊಂಡ. ಆ ಸಿಟ್ಟೆಲ್ಲ ಮನೆಯಲ್ಲಿ ತಟ್ಟೆಯ ಮೇಲೆ, ಲೋಟದ ಮೇಲೆ, ಅಕ್ಕನ ಮೇಲೆ ಬಿತ್ತು.

ಆ ವರ್ಷವೇ ನೀರಿನ ಲಾರಿಯೊಂದು ಹಿಂದಕ್ಕೆ ಬರುವಾಗ, ಮನೆ ಮುಂದೆ ನಿಂತಿದ್ದ ಕಾರಿಗೆ ತಾಗಿ ಅಕ್ಕನ ಕಡೆಯ ಬಾಗಿಲು ನಜ್ಜುಗುಜ್ಜಾಯಿತು. ಉಗ್ರಾಣದಲ್ಲಿ ಉಳಿದಿದ್ದದ್ದು ಹೊಸ ಅಚ್ಚಿನ ಬಾಗಿಲುಗಳೇ. ಬೇರೆ ದಾರಿಯಿಲ್ಲದೆ ಒಂದನ್ನು ತಂದು, ಭಾನುವಾರ ಬೆಳಿಗ್ಗೆ ಬೀದಿಯಲ್ಲೇ ಕೀಲಿಗೆ ಬಿಗಿದ. ನಾನೂ ಅಕ್ಕನೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಬಿಗಿದು ಮುಗಿಸಿ, ಮರದ ತುಂಡು ತರಲು ಒಳಗೆ ಹೋದ. ಇದನ್ನೂ ಕೆಡಿಸುತ್ತಾನೆ ಎಂದುಕೊಂಡೆ.

ಅಕ್ಕ ಎದ್ದಳು. ಹೋಗಿ ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಧಪ್ ಎನ್ನಲಿಲ್ಲ, ಮೆಲ್ಲಗೆ ‘ಟಕ್’ ಎಂದಿತು.

ಭಾವ ಮರದ ತುಂಡು ಹಿಡಿದು ಬಂದ. “ಇಳಿ, ಇನ್ನೂ ಮಂಡಿ ಕೊಟ್ಟಿಲ್ಲ.”

“ಕೊಡ್ಬೇಡಿ. ಸರಿಯಾಗಿದೆ.”

“ನಿಂಗೇನೇ ಗೊತ್ತು ಬಾಗಿಲಿನ ವಿಷಯ?”

“ನನ್ನಷ್ಟು ಯಾರಿಗೆ ಗೊತ್ತು?” ಎಂದಳು ಅಕ್ಕ.

ಅವನು ತುಂಡನ್ನು ಕಂಕುಳಲ್ಲಿ ಸಿಕ್ಕಿಸಿ, ಎಂದಿನಂತೆ ಹಿಡಿಯನ್ನು ಮೇಲಕ್ಕೆತ್ತಿ ಸೊಂಟ ಒತ್ತಲು ಬಾಗಿಲಿಗೆ ಹತ್ತಿರವಾದ. ಅದೇ ಹೊತ್ತಿಗೆ ಅಕ್ಕ ಒಳಗಿನ ಹಿಡಿ ಎಳೆದು, ಹಳೆಯ ಬಾಗಿಲಿಗೆ ಹಾಕುತ್ತಿದ್ದಷ್ಟೇ ಬಲ ಹಾಕಿ ತಳ್ಳಿದಳು. ಬಾಗಿಲಿನ ಅಂಚು ನೇರವಾಗಿ ಅವನ ಮಂಡಿಗೆ ಬಡಿಯಿತು. ಮಂಡಿ ಮೇಸ್ತ್ರಿ ಮಂಡಿ ಹಿಡಿದುಕೊಂಡು ಬೀದಿಯ ಮಧ್ಯೆ ಕುಕ್ಕರಿಸಿದ. ನಾನು ನಕ್ಕೆ. ಮುಚ್ಚುಮರೆಯಿಲ್ಲದೆ ನಕ್ಕೆ.

ಅಕ್ಕ ನಗಲಿಲ್ಲ. ಇಳಿದಳು. ಬಾಗಿಲು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ ಇಷ್ಟು ವರ್ಷ ಒಮ್ಮೆಯೂ ಕೇಳದಿದ್ದುದನ್ನು ಅಲ್ಲೇ ನಿಂತು ನನ್ನನ್ನು ಕೇಳಿದಳು.

“ನಾನು ಗಾಜು ಬಡೀತಿದ್ದಾಗ ಅಮ್ಮಂಗೆ ಇನ್ನೂ ಮಾತಿತ್ತಾ?”

ಸುಳ್ಳು ಹೇಳಬಹುದಿತ್ತು. ಅವನು ಕೇಳಿಸಿಕೊಳ್ಳಲಿ ಎಂದು ನಿಜವನ್ನೇ ಹೇಳಿದೆ. “ಇತ್ತು. ‘ದೊಡ್ಡವಳು ಬಂದ್ಲಾ?’ ಅಂತ ಕೇಳ್ತಾನೇ ಇದ್ಲು.”

ಅಕ್ಕ ನೆಲಕ್ಕೆ ಬಿದ್ದಿದ್ದ ಮರದ ತುಂಡನ್ನು ಎತ್ತಿಕೊಂಡಳು. “ಈ ಬಾಗಿಲಿಗೆ ನಿಮ್ಮ ಮಂಡಿ ತಾಕಿದ ದಿನ ನಾನು ಈ ಮನೇಲಿ ಇರಲ್ಲ” ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಅವನು ಬಾಯಿ ತೆರೆದ. “ಈಗ...” ಎಂದು ಅಲ್ಲಿಗೇ ನಿಲ್ಲಿಸಿದ. ಬಾಗಿಲಿಗೆ ಆಮೇಲೆ ಅವನ ಮಂಡಿ ತಾಕಲಿಲ್ಲ.

ಈಗಲೂ ಕಾರು ನಿಲ್ಲಿಸಿದ ಕೂಡಲೇ ಅವನು ಅಭ್ಯಾಸಬಲದಿಂದ ಇಳಿದು, ಕುಂಟುತ್ತ ಸುತ್ತು ಹಾಕಿ ಬರುತ್ತಾನೆ. ಅಷ್ಟರಲ್ಲಿ ಅಕ್ಕ ತಾನೇ ಇಳಿದು, ಹಿಂತಿರುಗಿ ನೋಡದೆ ಮುಂದೆ ನಡೆದುಬಿಟ್ಟಿರುತ್ತಾಳೆ. ಅವನು ಮುಚ್ಚಿದ ಬಾಗಿಲಿನ ಮುಂದೆ ಕೈ ಚಾಚಿಕೊಂಡು ನಿಂತಿರುತ್ತಾನೆ. ಪಾಪ, ಅಷ್ಟು ಒಳ್ಳೆಯ ಗಂಡನಿಗೆ ಈ ವಯಸ್ಸಲ್ಲಿ ಇಂಥ ಗತಿಯೇ ಎಂದು ಎದುರುಮನೆಯಾಕೆ ಹಲುಬುತ್ತಾಳೆ. ನನಗೆ ಪಾಪ ಎನ್ನಿಸುವುದಿಲ್ಲ.